ಸಾಹೇಬರ ಕೋಣೆಯ ಹೊರಗಿನ ಮೇಜು

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಅನ್ನುವ ಗಾದೆ ದೇವಸ್ಥಾನಕ್ಕಿಂತ ಹೆಚ್ಚಾಗಿ ಕಚೇರಿಗಳಲ್ಲೇ ಕೇಳಿಬರುತ್ತದೆ. ಮಂತ್ರಿಗಳು ಬಾ ಅಂದಿದ್ದರು, ಪಿಎ ಒಳಗೆ ಬಿಡಲಿಲ್ಲ. ಎಂ.ಡಿ. ಸಿಗುತ್ತೇನೆ ಅಂದಿದ್ದರು, ಹೊರಗೆ ಕೂತ ಮೇಡಂ ‘ಮುಂದಿನ ವಾರ ನೋಡೋಣ’ ಅಂದರು. ಆ ಪೂಜಾರಿಯ ಜಾಗದಲ್ಲಿ ನಾನು ಬೆಂಗಳೂರಿನಲ್ಲಿ 16 ವರ್ಷ ಕೂತಿದ್ದೆ. ಮೊದಲು ಒಬ್ಬ ಹಣಕಾಸು ಮುಖ್ಯಸ್ಥರ ಬಳಿ, ಆಮೇಲೆ ಒಬ್ಬ ಎಂ.ಡಿ. ಬಳಿ. ಈ ಗಾದೆ ಹೇಳಿ ಎಷ್ಟು ಜನ ಬೈದರೋ ಲೆಕ್ಕವಿಟ್ಟಿಲ್ಲ. ಈಗ ಅಂಥ ಮೇಜಿಗೆ ಹೊಸಬರನ್ನು ಆರಿಸುವಾಗ ನನ್ನನ್ನೂ ಸಂದರ್ಶನಕ್ಕೆ ಕೂರಿಸುತ್ತಾರೆ. ಬರುವ ಹುಡುಗ ಹುಡುಗಿಯರು ಕೇಳುವುದು ಒಂದೇ: ‘ಮೇಡಂ, ಈ ಕೆಲಸಕ್ಕೆ ಏನೇನು ಬರಬೇಕು?’ ಇಂಗ್ಲಿಷು, ಎಕ್ಸೆಲ್ಲು, ಟೈಪಿಂಗು ಎಂದು ಹೇಳಿ ಕಳಿಸಬಹುದು. ಅವು ಬೇಕೇ ಬೇಕು. ಆದರೆ ಅವೆಲ್ಲ ಚೆನ್ನಾಗಿ ಬರುವವರೇ ಆರು ತಿಂಗಳಲ್ಲಿ ಕೆಲಸ ಬಿಟ್ಟು ಹೋದದ್ದನ್ನು ಕಂಡಿದ್ದೇನೆ.

ನಮ್ಮ ಸರ್ಕಾರಿ ಕನ್ನಡ ಈ ಹುದ್ದೆಗೆ ಚೆಂದದ ಹೆಸರಿಟ್ಟಿದೆ: ಆಪ್ತ ಸಹಾಯಕ. ಅದರ ಮೇಲೆ ಆಪ್ತ ಕಾರ್ಯದರ್ಶಿ. ಇಂಗ್ಲಿಷಿನ ಸೆಕ್ರೆಟರಿ ಎಂಬ ಪದದ ಹೊಟ್ಟೆಯಲ್ಲೂ ಗುಟ್ಟು ಅನ್ನುವ ಅರ್ಥವೇ ಕೂತಿದೆ. ಖಾಸಗಿ ಕಂಪನಿಗಳಲ್ಲಿ ಪಿಎ (ಪರ್ಸನಲ್ ಅಸಿಸ್ಟೆಂಟ್), ಇಎ (ಎಕ್ಸಿಕ್ಯುಟಿವ್ ಅಸಿಸ್ಟೆಂಟ್) ಎಂದು ಎರಡು ಹೆಸರು ಓಡಾಡುತ್ತವೆ. ಪಿಎ ಅಂದರೆ ಸಾಹೇಬರ ದಿನಚರಿ, ಪ್ರಯಾಣ, ಫೋನು, ಕಾಗದಪತ್ರ. ಇಎ ಅಂದರೆ ಅದರ ಜತೆಗೆ ಸಭೆಗೆ ಬೇಕಾದ ಟಿಪ್ಪಣಿ ತಯಾರಿಸುವುದು, ಆಡಿದ ಮಾತು ಕೆಲಸವಾಯಿತೇ ಎಂದು ಬೆನ್ನು ಹತ್ತುವುದು. ಗಡಿ ಕಾಗದದ ಮೇಲೆ ಮಾತ್ರ. ಬೆಳಿಗ್ಗೆ ಮಂಡಳಿ ಸಭೆಯ ಕಡತ ಜೋಡಿಸಿದವರೇ ಸಂಜೆ ಸಾಹೇಬರ ಕನ್ನಡಕ ರಿಪೇರಿಗೆ ಕಳಿಸಿರುತ್ತಾರೆ.

ಹೆಸರು ಯಾವುದೇ ಇರಲಿ, ಕೆಲಸದ ತಿರುಳು ಒಂದೇ: ಎರವಲು ಅಧಿಕಾರ. ‘ಸಾಹೇಬರು ಹನ್ನೊಂದಕ್ಕೆ ವರದಿ ಕೇಳಿದ್ದಾರೆ’ ಎಂದು ನಾನು ಫೋನ್ ಮಾಡಿದರೆ ಆ ತುದಿಯಲ್ಲಿರುವ ಜನರಲ್ ಮ್ಯಾನೇಜರು ಕೈಲಿದ್ದ ಕಾಫಿ ಬಿಟ್ಟು ಏಳುತ್ತಾರೆ. ಕೇಳಿದ್ದು ನಿಜವಾಗಿ ಸಾಹೇಬರೋ, ಅಥವಾ ನನ್ನ ಅನುಕೂಲಕ್ಕೆ ನಾನೇ ಹಾಗಂದೆನೋ, ಅವರಿಗೆ ತಿಳಿಯುವ ದಾರಿಯಿಲ್ಲ. ನನ್ನ ಸಂಬಳ ಅವರದರ ಕಾಲು ಭಾಗವೂ ಇರಲಿಲ್ಲ. ಆದರೂ ನನ್ನ ಒಂದು ವಾಕ್ಯಕ್ಕೆ ಅವರ ಬೆಳಗು ತಿರುಗುತ್ತಿತ್ತು. ಪಕ್ಕದ ಮನೆಯಿಂದ ಎರವಲು ತಂದ ಒಡವೆ ಹಾಕಿಕೊಂಡು ಮದುವೆಗೆ ಹೋದವರು ಇಡೀ ದಿನ ಅದರ ಮೇಲೆ ಒಂದು ಕಣ್ಣಿಟ್ಟೇ ಇರುತ್ತಾರಲ್ಲ, ಈ ಕೆಲಸದ ಎಚ್ಚರ ಅಂಥದು. ಒಳ್ಳೆಯ ಪಿಎಗೆ ಇರಬೇಕಾದ ಗುಣಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ದೇಶದ ಚರಿತ್ರೆಯಲ್ಲೇ ಉದಾಹರಣೆಯಿದೆ. ನೆಹರೂ ಅವರ ವಿಶೇಷ ಸಹಾಯಕರಾಗಿದ್ದ ಎಂ.ಒ. ಮತ್ತಾಯಿ 1946ರಿಂದ ಅವರ ಜತೆಗಿದ್ದವರು. ಅಧಿಕಾರ ದುರುಪಯೋಗದ ಆರೋಪ ಸಂಸತ್ತಿನವರೆಗೆ ಹೋಗಿ 1959ರಲ್ಲಿ ರಾಜೀನಾಮೆ ಕೊಡಬೇಕಾಯಿತು. ನಮ್ಮ ಮೈಸೂರಿನಲ್ಲಿ ಇದರ ಇನ್ನೊಂದು ತುದಿ ಸಿಗುತ್ತದೆ. ಮಿರ್ಜಾ ಇಸ್ಮಾಯಿಲ್ 1926ರಲ್ಲಿ ದಿವಾನರಾಗುವ ಮೊದಲು ನಾಲ್ವಡಿ ಕೃಷ್ಣರಾಜ ಒಡೆಯರ ಆಪ್ತ ಕಾರ್ಯದರ್ಶಿಯಾಗಿದ್ದವರು. ಇಬ್ಬರೂ ಎಳವೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು ಬೇರೆ. ಅಷ್ಟು ಸಲಿಗೆಯಿದ್ದೂ ಮೇರೆ ಮೀರದೆ ವರ್ಷಗಟ್ಟಲೆ ಅರಮನೆಯ ಕಾಗದಪತ್ರ ನೋಡಿಕೊಂಡಿದ್ದವರ ಕೈಗೆ ಮಹಾರಾಜರು ಕೊನೆಗೆ ಸಂಸ್ಥಾನವನ್ನೇ ಒಪ್ಪಿಸಿದರು.

ದಿನಚರಿಯ ವಿಷಯಕ್ಕೆ ಬರೋಣ. ಹೊರಗಿನವರಿಗೆ ಕ್ಯಾಲೆಂಡರ್ ಅಂದರೆ ಖಾಲಿ ಚೌಕ ತುಂಬುವ ಕೆಲಸ. ಅದನ್ನು ಈಗ ಸಾಫ್ಟ್‌ವೇರೇ ಮಾಡುತ್ತದೆ, ನಮಗಿಂತ ಬೇಗ ಮಾಡುತ್ತದೆ. ಆದರೆ ಒಂದು ಗಂಟೆ ಖಾಲಿ ಇದೆಯೇ ಎನ್ನುವುದು ಒಂದು ಪ್ರಶ್ನೆ, ಆ ಗಂಟೆಯಲ್ಲಿ ಸಾಹೇಬರು ಈ ಮನುಷ್ಯನ ಮಾತು ಕೇಳುವ ಸ್ಥಿತಿಯಲ್ಲಿರುತ್ತಾರೆಯೇ ಎನ್ನುವುದು ಬೇರೆಯೇ ಪ್ರಶ್ನೆ. ನಮ್ಮ ಹಣಕಾಸು ಮುಖ್ಯಸ್ಥರಿಗೆ ಊಟವಾದ ಮೇಲೆ ಮೂರು ಗಂಟೆಯತನಕ ಯಾವುದಕ್ಕೂ ‘ಆಗಲಿ’ ಅನ್ನುವ ಅಭ್ಯಾಸವಿರಲಿಲ್ಲ. ಹಣ ಕೇಳಲು ಬರುವವರನ್ನು ಆ ಹೊತ್ತಿಗೆ ಕಳಿಸಿದರೆ ಆ ಕೆಲಸ ಕೆಟ್ಟಂತೆಯೇ. ನನಗೆ ಬೇಡವೆನಿಸಿದ ಯೋಜನೆಯೊಂದನ್ನು ಎರಡೂಕಾಲಕ್ಕೆ ಹಾಕಿ ಕೊಂದುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಮಾಡಲಿಲ್ಲ ಎಂದು ಇಲ್ಲಿ ಬರೆಯಬೇಕು. ಒಂದು ಸಲ ಮಾಡಿದ್ದೇನೆ, ಇವತ್ತಿಗೂ ಕಸಿವಿಸಿಯಾಗುತ್ತದೆ.

ಬೆಂಗಳೂರಿನಲ್ಲಿ ದಿನಚರಿ ಬರೆಯುವವರಿಗೆ ಎರಡು ವಿದ್ಯೆ ಬೇಕು. ಒಂದು ರಸ್ತೆಯದು. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ 50 ಕಿಲೋಮೀಟರಿಗೂ ಹೆಚ್ಚು, ನಡುವೆ ಇಡೀ ನಗರ. ನಕ್ಷೆ ತೋರಿಸುವ ನಿಮಿಷಗಳನ್ನು ನಂಬದೆ ಡ್ರೈವರಣ್ಣನನ್ನು ಕೇಳಿ ಹೊರಡುವ ಹೊತ್ತು ಬರೆಯುವವರೇ ಜಾಣರು. ಇನ್ನೊಂದು ಹೊರದೇಶದ ಗಡಿಯಾರದ್ದು. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಬ್ರಿಟನ್ನು, ಯುರೋಪಿನಲ್ಲಿ ಅದು ಮಾರ್ಚ್‌ನ ಕೊನೆಯ ಭಾನುವಾರ. ಭಾರತದಲ್ಲಿ ಬದಲಾವಣೆಯೇ ಇಲ್ಲ. ಚಳಿಗಾಲದಲ್ಲಿ ನಮ್ಮ ಸಂಜೆ 7.30 ಅಂದರೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9, ಲಂಡನ್ನಿನಲ್ಲಿ ಮಧ್ಯಾಹ್ನ 2. ನ್ಯೂಯಾರ್ಕಿನವರು ಕರೆದ ವಾರದ ಸಭೆಯಾದರೆ ಗಡಿಯಾರ ಬದಲಾದ ಮರುದಿನ ಅದು ನಮಗೆ 6.30ಕ್ಕೆ ಬಂದು ಕೂರುತ್ತದೆ. ಲಂಡನ್ನಿನವರಿಗೆ ಊಟದ ಹೊತ್ತಿಗೆ, 1ಕ್ಕೆ. ಎರಡು ಮೂರು ವಾರ ಕಳೆದು ಲಂಡನ್ನಿನ ಗಡಿಯಾರವೂ ಸರಿದಾಗ ಅವರದು ಮತ್ತೆ 2ಕ್ಕೆ ಬರುತ್ತದೆ, ನಮ್ಮದು 6.30ರಲ್ಲೇ ಉಳಿಯುತ್ತದೆ. ಯಂತ್ರ ಇದನ್ನು ತಾನೇ ಸರಿಪಡಿಸುತ್ತದೆ, ನಿಜ. ಆದರೆ ಹಾಗೆ ಸರಿದ ಸಭೆ 6.30ಕ್ಕೆ ಆಗಲೇ ಗೊತ್ತಾಗಿದ್ದ ಮಗಳ ಭರತನಾಟ್ಯದ ಮೇಲೆ ಬಂದು ಬೀಳುತ್ತದೆ ಎನ್ನುವುದನ್ನು ಫೆಬ್ರವರಿಯಲ್ಲೇ ನೋಡಿಡುವವರು ಮನುಷ್ಯರೇ ಆಗಬೇಕು.

ಪ್ರಯಾಣದ ಕಾಗದಪತ್ರಗಳಲ್ಲೂ ಇಂಥದೇ ಮುಂದಾಲೋಚನೆ ಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟು ಕೊಟ್ಟು 10 ವರ್ಷ ಮೀರಿರಬಾರದು, ವಾಪಸು ಹೊರಡುವ ದಿನದಿಂದ ಇನ್ನೂ 3 ತಿಂಗಳಾದರೂ ಚಾಲ್ತಿಯಲ್ಲಿರಬೇಕು, 2 ಖಾಲಿ ಪುಟ ಉಳಿದಿರಬೇಕು. ನಮ್ಮ ಕಡೆಯವರಿಗೆ ವಿಶೇಷವಾದ ತೊಡಕು ಹೆಸರಿನದು. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಒಂದೇ ಹೆಸರು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. 2022ರ ನವೆಂಬರಿನಲ್ಲಿ ಅರಬ್ ಎಮಿರೇಟ್ಸ್ ಒಂಟಿ ಹೆಸರಿನ ಪಾಸ್‌ಪೋರ್ಟಿನವರನ್ನು ಪ್ರವಾಸಿ ವೀಸಾದ ಮೇಲೆ ಬಿಟ್ಟುಕೊಳ್ಳುವುದಿಲ್ಲ ಎಂದಾಗ ಇಲ್ಲಿಯ ಎಷ್ಟೋ ಪಿಎಗಳು ಸಾಹೇಬರ ಕಪಾಟಿನಿಂದ ಪಾಸ್‌ಪೋರ್ಟು ತೆಗೆದು ನೋಡಿದರು. ಮೊದಲೇ ನೋಡಿಟ್ಟಿದ್ದವರು ಅಂದು ಆರಾಮವಾಗಿ ಟೀ ಕುಡಿದರು.

ಗುಟ್ಟಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಅದನ್ನು ಎಲ್ಲರೂ ನೀತಿಪಾಠದ ಹಾಗೆ ಹೇಳಿ ಮುಗಿಸುತ್ತಾರೆ. ಅದು ಕಾನೂನು ಎಂದು ಬಹಳ ಪಿಎಗಳಿಗೇ ಗೊತ್ತಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಪೇಟೆಯ ಮೇಲೆ ಕಣ್ಣಿಡುವ ಸೆಬಿ ಸಂಸ್ಥೆಯ 2015ರ ಇನ್‌ಸೈಡರ್ ಟ್ರೇಡಿಂಗ್ (ಒಳಗಿನ ಗುಟ್ಟು ತಿಳಿದು ಷೇರು ಕೊಂಡು ಮಾರುವುದು) ನಿಯಮಗಳು ಅನ್ವಯಿಸುತ್ತವೆ. ಷೇರಿನ ಬೆಲೆಯನ್ನು ಅಲುಗಿಸಬಲ್ಲ, ಇನ್ನೂ ಹೊರಬೀಳದ ಮಾಹಿತಿ ಯಾರ ಕೈಗೆ ಸಿಗುತ್ತದೋ ಅವರನ್ನು ಕಂಪನಿ ಗುರುತಿಸಿ ಪಟ್ಟಿ ಮಾಡಬೇಕು. ಆ ಪಟ್ಟಿಯಲ್ಲಿ ನಿರ್ದೇಶಕರ ಜತೆ ಐಟಿ ಸಿಬ್ಬಂದಿ, ಕಾರ್ಯದರ್ಶಿ ಕೆಲಸ ಮಾಡುವ ಸಿಬ್ಬಂದಿಯೂ ಬರಬಹುದು ಎಂದು ನಿಯಮದಲ್ಲೇ ಬರೆದಿದೆ. ಪಟ್ಟಿಗೆ ಬಂದವರು ಮೂರು ತಿಂಗಳ ಲೆಕ್ಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಆ ಕಂಪನಿಯ ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ.

ಇದರಲ್ಲಿ ಪಿಎಗೆ ಇರುವ ಅಪಾಯ ಬೇರೆ ಬಗೆಯದು. ಲೆಕ್ಕದ ವಿಭಾಗದವರಿಗೆ ಗುಟ್ಟು ಕಡತದಲ್ಲಿ ಸಿಗುತ್ತದೆ, ನಮಗೆ ಚೂರು ಚೂರಾಗಿ ಸಿಗುತ್ತದೆ. ಹದಿನೈದು ದಿನದಲ್ಲಿ ನಾಲ್ಕು ಸಲ ಅದೇ ಬ್ಯಾಂಕಿನವರು ಬಂದರು, ಎರಡು ಸಲ ಅವರ ಜತೆ ವಕೀಲರಿದ್ದರು, ಸಾಹೇಬರು ಪುಣೆಗೆ ಹೋದದ್ದನ್ನು ಯಾರಿಗೂ ಹೇಳಬೇಡಿ ಅಂದರು. ಯಾವ ಕಾಗದ ಓದದೆಯೂ ಇದು ಕೊಳ್ಳುವ ಅಥವಾ ಮಾರುವ ಮಾತುಕತೆ ಎಂದು ತಿಳಿಯುತ್ತದೆ. ಹಾಗಾಗಿ ಕ್ಯಾಲೆಂಡರೇ ಒಂದು ಗುಟ್ಟು. ಬಂದವರ ಹೆಸರಿನ ಬದಲು ‘ಖಾಸಗಿ’ ಎಂದು ಬರೆದರೆ ಸಾಲದು, ರಿಸೆಪ್ಷನ್ನಿನ ಪುಸ್ತಕದಲ್ಲಿ ಅವರು ತಾವೇ ಹೆಸರು, ಕಂಪನಿ ಎಲ್ಲ ಬರೆದಿರುತ್ತಾರೆ! ಅಂಥವರನ್ನು ಕಚೇರಿಗೆ ಕರೆಸದೆ ಬೇರೆ ಕಡೆ ಭೇಟಿ ಇಡಬೇಕು ಎಂದು ಹೊಳೆಯುವುದು ಅನುಭವದಿಂದ.

ಕ್ಯಾಂಟೀನಿನಲ್ಲಿ ದಿನಕ್ಕೆ ನಾಲ್ಕು ಜನ ಕೇಳುತ್ತಾರೆ, ‘ಸಾಹೇಬ್ರ ಮೂಡ್ ಹೇಗಿದೆ?’ ಇದಕ್ಕೆ ಉತ್ತರ ಹೇಳಬಹುದೇ? ನನ್ನ ಪ್ರಕಾರ ಮೂಡು ಹೇಳಬಹುದು, ಕಾರಣ ಹೇಳಬಾರದು. ‘ಇವತ್ತು ಬೇಡ, ನಾಳೆ ಬನ್ನಿ’ ಅಂದರೆ ಇಬ್ಬರಿಗೂ ಉಪಕಾರ. ‘ಚೇರ್ಮನ್ನರ ಫೋನ್ ಬಂದಾಗಿನಿಂದ ಹೀಗಿದ್ದಾರೆ’ ಅಂದರೆ ಅರ್ಧ ದಿನದಲ್ಲಿ ಮೂರನೇ ಮಹಡಿಯವರೆಲ್ಲ ರಾಜೀನಾಮೆಯ ಸುದ್ದಿ ಹಬ್ಬಿಸಿರುತ್ತಾರೆ. ಏನೂ ಹೇಳದೆ ಮುಖ ಬಿಗಿದು ಕೂರುವವರೂ ಒಳ್ಳೆಯ ಪಿಎ ಆಗಲಾರರು. ಏಕೆಂದರೆ ಏನೂ ಹೇಳದವರಿಗೆ ಯಾರೂ ಏನೂ ಹೇಳುವುದಿಲ್ಲ, ಮತ್ತು ನಮ್ಮ ಕೆಲಸ ನಡೆಯುವುದೇ ಸೆಕ್ಯುರಿಟಿಯವರು, ಡ್ರೈವರು, ಬೇರೆ ಸಾಹೇಬರ ಪಿಎಗಳು ಮೊದಲೇ ಮುಟ್ಟಿಸುವ ಸಣ್ಣ ಸುದ್ದಿಗಳಿಂದ. ನಾನು ಹಬ್ಬಕ್ಕೆ ಮೊದಲು ಸಿಹಿ ಕೊಡುತ್ತಿದ್ದದ್ದು ಡ್ರೈವರಣ್ಣನಿಗೆ.

ಬರವಣಿಗೆಯ ವಿಷಯದಲ್ಲಿ ನನ್ನ ಗುರು ಸ್ವಲ್ಪ ಹಳಬ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರಲ್ಲ, ಅದರ ಎರಡನೇ ಅಧಿಕರಣದಲ್ಲಿ ಅರಸನ ಪತ್ರ ಬರೆಯುವ ಲೇಖಕನ ಗುಣಗಳೇ ಇವೆ. ಅವನಿಗೆ ಎಲ್ಲ ಕಟ್ಟಳೆಗಳು ಗೊತ್ತಿರಬೇಕು, ಬೇಗ ಬರೆಯಬೇಕು, ಅಕ್ಷರ ಚೆನ್ನಾಗಿರಬೇಕು, ಬರೆದದ್ದನ್ನು ಓದಿ ಹೇಳಲು ಬರಬೇಕು. ಅರಸನ ಮಾತನ್ನು ಅವ್ಯಗ್ರ ಮನಸ್ಸಿನಿಂದ ಕೇಳಿ, ಅರ್ಥ ಖಚಿತವಾಗುವಂತೆ ಬರೆಯಬೇಕು. ಪತ್ರದ ಗುಣಗಳೂ ಆರು: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ. ಔದಾರ್ಯ ಅಂದರೆ ಇಲ್ಲಿ ಒರಟಲ್ಲದ ಮಾತು. ಅರ್ಥಕ್ರಮ ಅಂದರೆ ಮುಖ್ಯವಾದದ್ದು ಮೊದಲು ಬರುವುದು. ಈಗಿನ ಇಮೇಲುಗಳಲ್ಲಿ ನಾನು ತಿದ್ದುವುದೂ ಹೆಚ್ಚಾಗಿ ಇದನ್ನೇ: ಎಂಟು ಸಾಲು ಕ್ಷೇಮ ಸಮಾಚಾರವಾಗಿ ಒಂಬತ್ತನೇ ಸಾಲಿನಲ್ಲಿ ‘ಆದ್ದರಿಂದ ನಾಳೆಯ ಸಭೆ ರದ್ದು’.

‘ಅವ್ಯಗ್ರ’ ಎಂಬ ಪದ ನನಗೆ ಬಹಳ ಹಿಡಿಸಿತು. ಮನಸ್ಸು ಬೇರೆಡೆ ಹರಿಯದೆ ಕೇಳುವುದು. ಶೀಘ್ರಲಿಪಿ ಕಲಿತವರಿಗೆ ಅದು ತಾನಾಗಿ ಬರುತ್ತಿತ್ತು. ಇಂದಿಗೂ ಕೇಂದ್ರ ಸರ್ಕಾರದ ಸ್ಟೆನೋ ಪರೀಕ್ಷೆಯಲ್ಲಿ 10 ನಿಮಿಷದ ಉಕ್ತಲೇಖನ, ನಿಮಿಷಕ್ಕೆ ಡಿ ದರ್ಜೆಗೆ 80 ಪದ, ಸಿ ದರ್ಜೆಗೆ 100 ಪದ. ಆ ವೇಗ ಕಂಪನಿಗಳಲ್ಲಿ ಯಾರಿಗೂ ಬೇಕಾಗಿಲ್ಲ, ಎಲ್ಲ ಫೋನಿನಲ್ಲೇ ರೆಕಾರ್ಡ್ ಆಗುತ್ತದೆ. ಆದರೆ ರೆಕಾರ್ಡ್ ಆಗುತ್ತಿದೆ ಎಂದು ಗೊತ್ತಾದ ಕೂಡಲೇ ನಾವು ಕೇಳುವುದನ್ನು ಬಿಟ್ಟಿರುತ್ತೇವೆ.

ಕೇಳುವುದರ ತುತ್ತತುದಿ ಮಹದೇವ ದೇಸಾಯಿ. 1917ರಲ್ಲಿ ಗಾಂಧೀಜಿಯ ಜತೆ ಸೇರಿ 25 ವರ್ಷ ಅವರ ಕಾರ್ಯದರ್ಶಿಯಾಗಿದ್ದರು. ದಿನದಿನದ ಮಾತುಕತೆಗಳನ್ನು ದಿನಚರಿಯಲ್ಲಿ ಬರೆದಿಟ್ಟರು, ಗಾಂಧೀಜಿಯ ಆತ್ಮಕಥೆಯನ್ನು ಗುಜರಾತಿಯಿಂದ ಇಂಗ್ಲಿಷಿಗೆ ತಂದರು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ನಮ್ಮ ನಂದಿ ಬೆಟ್ಟಕ್ಕೆ ಬಂದಾಗ ಅವರೂ ಇದ್ದರು. ಇನ್ನೊಬ್ಬರ ಮಾತನ್ನು ಇನ್ನೊಂದು ಭಾಷೆಯಲ್ಲಿ, ಆ ಇನ್ನೊಬ್ಬರೇ ಆಡಿದ ಹಾಗೆ ಬರೆಯುವುದೆಂದರೆ ಒಳಗಿನಿಂದ ಅವರನ್ನು ಬಲ್ಲವರಾಗಿರಬೇಕು. 1942ರ ಆಗಸ್ಟ್ 9ರಂದು ಬಂಧನ. 15ರಂದು ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 50. ಈ ಹೆಸರನ್ನು ನಾನು ಪಿಎಗಳಿಗೆ ಆದರ್ಶ ಎಂದು ಹೇಳಲಾರೆ. ಹಾಗೆ ಜೀವ ತೇಯುವುದನ್ನು ಸಂಬಳದ ಕೆಲಸ ಕೇಳಬಾರದು, ಕೇಳುವ ಸಾಹೇಬರು ಗಾಂಧಿಯೂ ಅಲ್ಲ.

ಅದಕ್ಕೇ ಬೇಲಿಯ ಮಾತು. ಮಕ್ಕಳ ಶಾಲೆಯ ಫೀಸು ಕಟ್ಟುವುದು, ಎಲ್‌ಐಸಿ ಕಂತು ನೆನಪಿಸುವುದು ಸರಿ. ಸಾಹೇಬರ ತಲೆಯಿಂದ ಒಂದು ಭಾರ ಇಳಿದರೆ ಕಚೇರಿಗೂ ಲಾಭ. ಆದರೆ ಮನೆಯವರ ಫೋನಿಗೆ ಸುಳ್ಳು ಹೇಳಿಸುವುದು, ಖಾಸಗಿ ಊಟದ ಬಿಲ್ಲನ್ನು ಕಂಪನಿಯ ಲೆಕ್ಕಕ್ಕೆ ಹಾಕಿಸುವುದು ಶುರುವಾದರೆ ಮೊದಲನೇ ಸಲವೇ ‘ಸರ್, ಇದು ನನ್ನಿಂದ ಆಗಲ್ಲ’ ಅನ್ನಬೇಕು. ಎರಡನೇ ಸಲಕ್ಕೆ ಕಾಯ್ದರೆ ಮೊದಲನೆಯದರಲ್ಲಿ ನಮ್ಮ ಕೈಯೂ ಇದ್ದಂತಾಯಿತು. ‘ಮೀಟಿಂಗಲ್ಲಿದ್ದಾರೆ’ ಎಂಬ ಸುಳ್ಳನ್ನು ಕೂಡ ನಾನು ಕ್ರಮೇಣ ಬಿಟ್ಟೆ. ‘ಈಗ ಮಾತಾಡೋಕೆ ಆಗಲ್ಲ ಸರ್, ನಾಲ್ಕಕ್ಕೆ ನಾನೇ ಫೋನ್ ಮಾಡ್ತೀನಿ’ ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ನಾಲ್ಕಕ್ಕೆ ಮಾಡಿದರೆ.

‘ಆಗಲ್ಲ’ ಅನ್ನುವ ಧೈರ್ಯ ಈಗ ಇನ್ನೊಂದು ಕಾರಣಕ್ಕೂ ಬೇಕಾಗಿದೆ. 2024ರಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ ಬ್ರಿಟನ್ ಮೂಲದ ಇಂಜಿನಿಯರಿಂಗ್ ಸಂಸ್ಥೆಯೊಂದರ ಹಾಂಗ್‌ಕಾಂಗ್ ಉದ್ಯೋಗಿ ವಿಡಿಯೋ ಕಾಲ್‌ನಲ್ಲಿ ತಮ್ಮ ಹಿರಿಯ ಅಧಿಕಾರಿಗಳನ್ನು ಕಂಡು, ಅವರು ಹೇಳಿದಂತೆ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿಬಿಟ್ಟರು. ಪರದೆಯ ಮೇಲಿದ್ದವರು ಕಂಪ್ಯೂಟರ್ ಕಟ್ಟಿದ ಡೀಪ್‌ಫೇಕ್ ಬಿಂಬಗಳು. ವಂಚಕರಿಗೆ ಎರವಲು ಅಧಿಕಾರದ ಗುಟ್ಟು ಚೆನ್ನಾಗಿ ಗೊತ್ತು: ಸಾಹೇಬರ ಹೆಸರು, ಅವಸರ, ‘ಯಾರಿಗೂ ಹೇಳಬೇಡ’. ಈ ಮೂರೂ ಒಟ್ಟಿಗೆ ಬಂದರೆ ಫೋನ್ ಇಟ್ಟು, ನಮ್ಮ ಬಳಿ ಮೊದಲೇ ಇರುವ ಸಂಖ್ಯೆಗೆ ವಾಪಸು ಮಾಡಬೇಕು. ನಿಜವಾದ ಸಾಹೇಬರೇ ಆಗಿದ್ದರೆ ಸ್ವಲ್ಪ ಬೈಯುತ್ತಾರೆ. ಬೈಸಿಕೊಳ್ಳೋಣ.

ಇಷ್ಟನ್ನೆಲ್ಲ ಅರ್ಧ ಗಂಟೆಯ ಸಂದರ್ಶನದಲ್ಲಿ ಪತ್ತೆ ಮಾಡುವುದು ಹೇಗೆ? ನಾನು ಒಂದೇ ಪ್ರಸಂಗ ಕೊಡುತ್ತೇನೆ. ಸಾಹೇಬರು ದೆಹಲಿ ವಿಮಾನದಲ್ಲಿದ್ದಾರೆ, ಎರಡೂ ಮುಕ್ಕಾಲು ಗಂಟೆ ಫೋನ್ ಇಲ್ಲ. ಅಷ್ಟರಲ್ಲಿ ಮೂರು ಕರೆ ಬರುತ್ತವೆ. ಅವರ ತಾಯಿಯನ್ನು ಮೈಸೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ, ಪ್ರಾಣಕ್ಕೆ ಅಪಾಯವಿಲ್ಲ. ದೊಡ್ಡ ಗಿರಾಕಿಯೊಬ್ಬರು ಸಂಜೆಯೊಳಗೆ ಕರಾರಿಗೆ ಸಹಿ ಬೇಕು ಅನ್ನುತ್ತಿದ್ದಾರೆ. ಒಬ್ಬ ಪತ್ರಕರ್ತರು ‘ನಿಮ್ಮ ಕಂಪನಿ ಮಾರಾಟವಾಗುತ್ತಿದೆಯಂತೆ’ ಎಂದು ಕೇಳುತ್ತಿದ್ದಾರೆ. ಏನು ಮಾಡುತ್ತೀರಿ?

ಹೆಚ್ಚಿನವರು ಯಾವುದು ಮೊದಲು, ಯಾವುದು ಆಮೇಲೆ ಎಂದು ಸಾಲು ಹಚ್ಚುತ್ತಾರೆ. ಪತ್ರಕರ್ತರಿಗೆ ‘ಇಲ್ಲ, ಸುಳ್ಳು ಸುದ್ದಿ’ ಅಂದುಬಿಡುತ್ತೇನೆ ಎನ್ನುವವರು ಅಲ್ಲೇ ಬೀಳುತ್ತಾರೆ. ಹೌದೆನ್ನುವ ಹಕ್ಕೂ ಇಲ್ಲದವರಿಗೆ ಇಲ್ಲವೆನ್ನುವ ಹಕ್ಕು ಎಲ್ಲಿಂದ ಬಂತು? ಸಂಪರ್ಕ ವಿಭಾಗದವರಿಗೆ ದಾಟಿಸಬೇಕು, ಅಷ್ಟೆ.

ಕಳೆದ ಸಲ ಹಾಸನದ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ಇಂಗ್ಲಿಷ್ ಸ್ವಲ್ಪ ತಡವರಿಸುತ್ತಿತ್ತು. ಪತ್ರಕರ್ತರ ಕರೆಯನ್ನು ಸರಿಯಾದ ಕಡೆಗೇ ಕಳಿಸಿದಳು, ಕರಾರನ್ನು ಕಾನೂನು ವಿಭಾಗದವರಿಂದ ಓದಿಸಿಡುತ್ತೇನೆ ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನನ್ನೇ ಕೇಳಿದಳು: ‘ಮೇಡಂ, ವಿಮಾನ ಇಳಿದ ತಕ್ಷಣ ಅವ್ರು ಫೋನ್ ಆನ್ ಮಾಡ್ತಾರಲ್ಲ, ಎಲ್ಲ ಮೆಸೇಜೂ ಒಟ್ಟಿಗೆ ಬಂದು ಬೀಳತ್ತೆ. ಅಮ್ಮನ ವಿಷಯ ಬೇರೆ ಯಾರದಾದ್ರೂ ಮೆಸೇಜಲ್ಲಿ ಅರ್ಧಂಬರ್ಧ ಓದಿಬಿಟ್ರೆ? ಮನೆಯವ್ರಿಗೆ ಹೇಳಿ ಬೇರೆ ಯಾರೂ ಕಳಿಸದ ಹಾಗೆ ನೋಡ್ಕೊಂಡು, ನಾನು ಒಂದೇ ಮೆಸೇಜ್ ಹಾಕ್ತೀನಿ. ಅಮ್ಮ ಮಾತಾಡ್ತಿದಾರೆ, ಡಾಕ್ಟರ ನಂಬರ್ ಇದು, ವಾಪಸ್ ಬರೋ ವಿಮಾನ ಸಂಜೆ ಇಷ್ಟು ಹೊತ್ತಿಗಿದೆ, ಸೀಟ್ ಹಿಡಿಸಿದೀನಿ, ಬೇಡ ಅಂದ್ರೆ ಕ್ಯಾನ್ಸಲ್ ಮಾಡ್ತೀನಿ ಅಂತ. ಕರಾರಿನ ವಿಷಯ ಅವ್ರು ವಾಪಸ್ ಫೋನ್ ಮಾಡಿದ ಮೇಲೆ ಹೇಳಿದ್ರೆ ಆಗಲ್ವಾ?’

ಪಕ್ಕದಲ್ಲಿದ್ದ ಎಚ್‌ಆರ್‌ನವರು ಇನ್ನೂ ಎಕ್ಸೆಲ್ ಪರೀಕ್ಷೆ ಬಾಕಿಯಿದೆ ಎಂದು ನೆನಪಿಸಿದರು. ಅದನ್ನೂ ಮಾಡಿಸಿದೆವು; ನೂರಕ್ಕೆ 54 ಬಂತು. ಒಂದನೇ ತಾರೀಖು ಬಂದು ಸೇರಿಕೊಳ್ಳಮ್ಮ, ಎಕ್ಸೆಲ್ ಆಮೇಲೆ ಕಲಿತರಾಯಿತು ಅಂದೆ.